ಡಾಂಬರಿನ ಮೇಲೆ ಮಲಗಿಯೇ ಓಡಬೇಕು: ಸ್ಟ್ರೀಟ್ ಹಾಕಿಗೆ ಬಾಳಿಕೆಯ ಪಕ್ ಮಾಡುವುದು ಹೇಗೆ

ಐಸ್ ಹಾಕಿಯಲ್ಲಿ ಚೆಂಡಿನ ಬದಲು ಹೊಡೆಯುವ ಪಕ್ ನೋಡಲು ತೀರಾ ಸಾದಾ ಬಿಲ್ಲೆ. ಗಂಧಕ ಬೆರೆಸಿ ಬೇಯಿಸಿದ ಗಟ್ಟಿ ಕಪ್ಪು ರಬ್ಬರು, 3 ಇಂಚು ಅಗಲ, 1 ಇಂಚು ದಪ್ಪ, ತೂಕ ಐದೂವರೆಯಿಂದ ಆರು ಔನ್ಸ್, ಅಂದರೆ 156ರಿಂದ 170 ಗ್ರಾಂ. ಮಂಜುಗಡ್ಡೆಯ ಮೇಲೆ ಇದು ಅಂಗಳದ ಆ ತುದಿಯಿಂದ ಈ ತುದಿಗೆ ಸಲೀಸಾಗಿ ಹೋಗುತ್ತದೆ. ಅದನ್ನೇ ತಂದು ಡಾಂಬರು ರಸ್ತೆಯ ಮೇಲೆ ಹೊಡೆಯಿರಿ: ಸ್ವಲ್ಪ ದೂರ ಕರಕರ ಅಂತ ಜಾರುತ್ತದೆ, ಎಲ್ಲೋ ಒಂದು ಜಲ್ಲಿಗೆ ಮೂತಿ ತಾಗುತ್ತದೆ, ಎದ್ದು ನಿಲ್ಲುತ್ತದೆ, ಆಮೇಲೆ ಗಾಲಿಯ ಹಾಗೆ ಅಂಚಿನ ಮೇಲೆ ಉರುಳುತ್ತಾ ತನಗೆ ಇಷ್ಟ ಬಂದ ಕಡೆ ಹೊರಟುಬಿಡುತ್ತದೆ.

ಸ್ಟ್ರೀಟ್ ಹಾಕಿ ಅಂದರೆ ಐಸ್ ಹಾಕಿಯನ್ನೇ ಐಸ್ ಇಲ್ಲದೆ, ರಸ್ತೆಯಲ್ಲೋ ಖಾಲಿ ಪಾರ್ಕಿಂಗ್ ಜಾಗದಲ್ಲೋ ಷೂ ಇಲ್ಲವೇ ರೋಲರ್ ಸ್ಕೇಟ್ ಹಾಕಿಕೊಂಡು ಆಡುವುದು. ಕೆನಡಾ, ಅಮೆರಿಕದ ಮಕ್ಕಳು ಈ ತಲೆನೋವೇ ಬೇಡವೆಂದು ಟೆನಿಸ್ ಚೆಂಡನ್ನೋ, ಹೆಚ್ಚು ಪುಟಿಯದ ಕಿತ್ತಳೆ ಬಣ್ಣದ ಗಟ್ಟಿ ಚೆಂಡನ್ನೋ ಹಿಡಿದು ಆಡುತ್ತಾರೆ. ಚೆಂಡು ಆಟಕ್ಕೆ ಸಾಕು. ಆದರೆ ಚೆಂಡನ್ನು ಸ್ಟಿಕ್ಕಿನಲ್ಲಿ ಆಡಿಸಿದ ಕೈಗೆ ಪಕ್ ಆಡಿಸುವ ಅಭ್ಯಾಸ ಆಗುವುದಿಲ್ಲ. ಚಳಿಗಾಲದ ಐಸಿಗೆ ಬೇಸಿಗೆಯಲ್ಲೇ ತಯಾರಾಗಬೇಕು ಅನ್ನುವವರಿಗೆ ರಸ್ತೆಯಲ್ಲೂ ಮಲಗಿಯೇ ಜಾರುವ ಬಿಲ್ಲೆ ಬೇಕು. ಅದು ಒಂದು ವಾರದಲ್ಲಿ ಸವೆದು ಒಡೆದು ಹೋಗಲೂಬಾರದು.

ಇಲ್ಲಿ ಬಹಳ ಜನ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ. ಬಾಳಿಕೆ ಅಂದಕೂಡಲೇ ಒಡೆಯದ, ಗಟ್ಟಿಯಾದ ವಸ್ತು ಯಾವುದು ಅಂತ ಹುಡುಕಲು ಹೊರಡುತ್ತಾರೆ. ನನ್ನ ಪ್ರಕಾರ ಪಕ್ಕಿನ ಬಾಳಿಕೆಯನ್ನು ಅಳೆಯಬೇಕಾದ್ದು ಅದು ಎಷ್ಟು ದಿನ ಒಡೆಯದೆ ಉಳಿಯಿತು ಅನ್ನುವುದರಿಂದಲ್ಲ, ಎಷ್ಟು ದಿನ ಚಪ್ಪಟೆಯಾಗಿ ಜಾರಿತು ಅನ್ನುವುದರಿಂದ. ಗಟ್ಟಿಮುಟ್ಟಾಗಿದ್ದೂ ಮೂರು ಹೊಡೆತಕ್ಕೊಮ್ಮೆ ಎದ್ದು ಉರುಳುವ ಪಕ್ ಸತ್ತಂತೆಯೇ ಲೆಕ್ಕ. ಹಾಗಾಗಿ ಅದು ಏಕೆ ಎದ್ದು ನಿಲ್ಲುತ್ತದೆ ಅನ್ನುವುದನ್ನು ಮೊದಲು ಬಿಡಿಸಿಕೊಳ್ಳೋಣ.

ಎದ್ದು ನಿಲ್ಲಿಸುವುದು ಘರ್ಷಣೆಯಲ್ಲ, ಕಲ್ಲು

ರಬ್ಬರು ಡಾಂಬರನ್ನು ಕಚ್ಚಿ ಹಿಡಿಯುತ್ತದೆ, ಅದಕ್ಕೇ ಪಕ್ ಮುಗ್ಗರಿಸುತ್ತದೆ ಎಂಬುದು ಸಾಮಾನ್ಯ ವಿವರಣೆ. ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ. ಜಾರುವ ಬಿಲ್ಲೆಯ ತಳದಲ್ಲಿ ಘರ್ಷಣೆ ಹಿಂದಕ್ಕೆ ಎಳೆಯುತ್ತದೆ. ತೂಕದ ಕೇಂದ್ರ ಅದಕ್ಕಿಂತ ಅರ್ಧ ಇಂಚು ಮೇಲಿದೆ. ಆದ್ದರಿಂದ ಬಿಲ್ಲೆ ಮುಂದಕ್ಕೆ ಬಾಗಲು ನೋಡುತ್ತದೆ, ಭಾರವೆಲ್ಲ ಮುಂದಿನ ಭಾಗಕ್ಕೆ ಸರಿಯುತ್ತದೆ. ಬರೀ ಘರ್ಷಣೆಯಿಂದಲೇ ಅದು ಮಗುಚಬೇಕಾದರೆ ಘರ್ಷಣಾಂಕ (ಘರ್ಷಣೆಯ ಬಲ ತೂಕದ ಎಷ್ಟು ಪಾಲು ಎಂಬ ಸಂಖ್ಯೆ) ಅಗಲವನ್ನು ದಪ್ಪದಿಂದ ಭಾಗಿಸಿದಷ್ಟು, ಅಂದರೆ 3 ದಾಟಬೇಕು. ಒಣ ಡಾಂಬರಿನ ಮೇಲೆ ರಬ್ಬರಿನ ಘರ್ಷಣಾಂಕ ಸುಮಾರು 0.7. ಅಂದಮೇಲೆ ರಸ್ತೆ ಪೂರ್ತಿ ಸಮತಟ್ಟಾಗಿದ್ದರೆ ರಬ್ಬರ್ ಪಕ್ ಬೇಗ ನಿಲ್ಲುತ್ತಿತ್ತೇ ಹೊರತು ಏಳುತ್ತಿರಲಿಲ್ಲ.

ಆದರೆ ರಸ್ತೆ ಸಮತಟ್ಟಾಗಿಲ್ಲ. ಡಾಂಬರು ಬರೀ ಅಂಟು; ಮೇಲೆ ತಲೆ ಎತ್ತಿಕೊಂಡಿರುವುದು ಒಡೆದ ಜಲ್ಲಿ. ಘರ್ಷಣೆಯಿಂದಾಗಿ ಮೊದಲೇ ಮುಂದಕ್ಕೆ ಒತ್ತಿಕೊಂಡಿರುವ ಅಂಚು ಅಂಥ ಒಂದು ಕಲ್ಲಿಗೆ ತಾಗಿದಾಗ ಓಟದ ವೇಗದ ಒಂದು ಚೂರು ಮೇಲ್ಮುಖವಾಗಿ ತಿರುಗುತ್ತದೆ. ಎಷ್ಟು ತಿರುಗಿದರೆ ಸಾಕು? ಮಲಗಿರುವ ಬಿಲ್ಲೆ ಅಂಚಿನ ಮೇಲೆ ನಿಲ್ಲಬೇಕಾದರೆ ಅದರ ತೂಕದ ಕೇಂದ್ರ ಸುಮಾರು 27.5 ಮಿಲಿಮೀಟರ್ ಮೇಲೇರಬೇಕು. 120 ಗ್ರಾಂ ತೂಕದ ಪಕ್ಕಿಗೆ ಇದಕ್ಕೆ ಬೇಕಾದ ಶಕ್ತಿ 0.032 ಜೂಲ್. ಅದೇ ಪಕ್ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಅದರಲ್ಲಿರುವ ಚಲನಶಕ್ತಿ 13.5 ಜೂಲ್. ನಾನೂರರಲ್ಲಿ ಒಂದು ಪಾಲು ತಪ್ಪು ದಿಕ್ಕಿಗೆ ಹೋದರೆ ಮುಗಿಯಿತು, ಪಕ್ ನೆಟ್ಟಗೆ ನಿಂತಿರುತ್ತದೆ. ತೂಕ ಹೆಚ್ಚಿಸಿದರೂ ತಗ್ಗಿಸಿದರೂ ಈ ಅನುಪಾತ ಅಲ್ಲಾಡುವುದಿಲ್ಲ, ಏಕೆಂದರೆ ತೂಕ ಎರಡೂ ಕಡೆ ಇದೆ. ಭಾರ ಹಾಕಿದರೆ ಏಳುವುದಿಲ್ಲ ಎಂಬ ನಂಬಿಕೆಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಹಾಗಾದರೆ ಕೈಯಲ್ಲಿ ಉಳಿಯುವ ದಾರಿಗಳು ಮೂರು. ಅಂಚು ಕಲ್ಲಿಗೆ ಬಡಿಯದೆ ಹತ್ತಿ ದಾಟುವಂತೆ ಮಾಡುವುದು. ಬಡಿದರೂ ಆ ಪೆಟ್ಟು ಪುಟಿತವಾಗಿ ವಾಪಸ್ ಬರದಂತೆ ಒಳಗೇ ಕರಗಿಸುವುದು. ಬಿಲ್ಲೆ ಗಿರಗಿರ ತಿರುಗುತ್ತಿರುವಂತೆ ಮಾಡಿ ಅದು ಸುಲಭಕ್ಕೆ ವಾಲದಂತೆ ನೋಡಿಕೊಳ್ಳುವುದು. ಮೂರನೆಯದು ಹೆಚ್ಚಾಗಿ ಆಡುವವನ ಕೈಯಲ್ಲಿದೆ. ವಿನ್ಯಾಸಕ ಮಾಡಬಹುದಾದದ್ದು ಇಷ್ಟೇ: ತೂಕವನ್ನು ನಡುವಿನಿಂದ ಅಂಚಿನ ಕಡೆಗೆ ಸರಿಸುವುದು. ತೂಕವೆಲ್ಲ ಅಂಚಿನಲ್ಲಿರುವ ಬಳೆಗೆ, ಅದೇ ಅಗಲದ, ಅದೇ ತೂಕದ ತುಂಬು ಬಿಲ್ಲೆಗಿಂತ ಎರಡರಷ್ಟು ಜಡತ್ವ ಇರುತ್ತದೆ. ತಿರುಗಿಸಿದರೆ ಬೇಗ ನಿಲ್ಲದು, ಬೇಗ ವಾಲದು. ಉಕ್ಕಿನ ಬಳೆ ಹುದುಗಿಸುವ ಆಸೆ ಇಲ್ಲೇ ಹುಟ್ಟುವುದು. ದಯವಿಟ್ಟು ಬೇಡ. ಬಿಲ್ಲೆ ಬಿರುಕು ಬಿಟ್ಟ ದಿನ ಆ ಬಳೆ ಯಾರ ಮೊಣಕಾಲಿಗೆ ಹೋಗುತ್ತದೋ ಹೇಳಲಾಗದು.

ಗಟ್ಟಿಯಾದದ್ದೇ ಕಡಿಮೆ ಸವೆಯುವುದೇ?

ಸವೆತದ ಬಗ್ಗೆ ಎಂಜಿನಿಯರುಗಳು ಮೊದಲು ಹಿಡಿಯುವ ಸೂತ್ರ 1953ರಲ್ಲಿ ಆರ್ಚರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ ಕೊಟ್ಟದ್ದು: ಉದುರುವ ವಸ್ತುವಿನ ಗಾತ್ರ ಹೇರಿದ ಭಾರಕ್ಕೂ ಜಾರಿದ ದೂರಕ್ಕೂ ನೇರ ಅನುಪಾತದಲ್ಲಿರುತ್ತದೆ, ಗಡಸುತನ ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ. ಇದನ್ನಷ್ಟೇ ಓದಿದವರು ಅತಿ ಗಡಸು ಪ್ಲಾಸ್ಟಿಕ್ ಆರಿಸಿ ಮೋಸ ಹೋಗುತ್ತಾರೆ. ಜಲ್ಲಿಯ ಚೂಪು ಮೊನೆಗಳ ಮುಂದೆ ಯಾವ ಪ್ಲಾಸ್ಟಿಕ್ಕೂ ಗಡಸಲ್ಲ. ಎಲ್ಲವನ್ನೂ ಕಲ್ಲು ಗೀರುತ್ತದೆ. ಗೀರಿದಾಗ ವಸ್ತು ಚೂರಾಗಿ ಎಗರುತ್ತದೋ, ಬರೀ ಪಕ್ಕಕ್ಕೆ ಸರಿದು ಅಲ್ಲೇ ಉಳಿಯುತ್ತದೋ ಅನ್ನುವುದೇ ಪ್ರಶ್ನೆ. ಅದಕ್ಕಾಗಿ ಒರಟು ನೆಲದ ಮೇಲಿನ ಪ್ಲಾಸ್ಟಿಕ್‌ಗಳ ಮಟ್ಟಿಗೆ ಇನ್ನೊಂದು ಸ್ಥೂಲ ನಿಯಮವಿದೆ: ತುಂಡಾಗುವಾಗಿನ ಬಲವನ್ನೂ ತುಂಡಾಗುವ ಮುಂಚೆ ಹಿಗ್ಗುವ ಪ್ರಮಾಣವನ್ನೂ ಗುಣಿಸಿ, ಗುಣಲಬ್ಧ ದೊಡ್ಡದಾದಷ್ಟೂ ಸವೆತ ಕಡಿಮೆ. ಅಂದರೆ ಬೇಕಾದದ್ದು ಗಡಸುತನಕ್ಕಿಂತ ಜಿಗುಟುತನ, ಎಳೆದರೆ ಹಿಗ್ಗಿಯೂ ಸುಲಭಕ್ಕೆ ತುಂಡಾಗದ ಗುಣ.

ಈ ಪರೀಕ್ಷೆಯಲ್ಲಿ ಗೆಲ್ಲುವುದು ಅತಿ ಉದ್ದದ ಅಣುಸರಪಳಿಗಳ ಪಾಲಿಇಥಿಲೀನ್. ಯುಎಚ್‌ಎಂಡಬ್ಲ್ಯು ಎಂದು ಅಂಗಡಿಯವರು ಕರೆಯುವ ಇದನ್ನು ಕಲ್ಲಿದ್ದಲು, ಮರಳು ಜಾರಿಸುವ ಇಳಿಜಾರು ದೋಣಿಗಳಿಗೆ (ಚ್ಯೂಟ್) ಒಳಪದರವಾಗಿ ಹಾಕುತ್ತಾರೆ. ಇದರ ಘರ್ಷಣಾಂಕ 0.1ರಿಂದ 0.2ರ ಆಸುಪಾಸು. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಹೊರಟ ಪಕ್ ಘರ್ಷಣಾಂಕ 0.7 ಇದ್ದರೆ 16 ಮೀಟರಿಗೆ ನಿಲ್ಲುತ್ತದೆ, 0.2 ಇದ್ದರೆ 57 ಮೀಟರ್ ಹೋಗುತ್ತದೆ. ಒರಟು ರಸ್ತೆಯಲ್ಲಿ ನಿಜವಾದ ಅಂಕಿ ಇನ್ನೂ ಕಡಿಮೆ ಬರುತ್ತದೆ, ಆದರೆ ಎರಡರ ನಡುವಿನ ಅಂತರ ಉಳಿಯುತ್ತದೆ. ಪಾಲಿಇಥಿಲೀನಿಗೆ ಇನ್ನೊಂದು ಗುಣವಿದೆ. ಕೊರೆಯುವ ಚಳಿಯಲ್ಲೂ ಅದು ಬಿರುಸಾಗುವುದಿಲ್ಲ. ಪಾಲಿಪ್ರೊಪಿಲೀನ್ ಸೊನ್ನೆ ಡಿಗ್ರಿಯ ಸುತ್ತಮುತ್ತಲೇ ಬಿರುಸಾಗಿ, ಹೊಡೆತಕ್ಕೆ ಚಟ್ ಅನ್ನುತ್ತದೆ.

ತೊಂದರೆಗಳೂ ಇವೆ. ಯುಎಚ್‌ಎಂಡಬ್ಲ್ಯು ಕರಗಿದರೂ ಹರಿಯುವುದಿಲ್ಲ, ಆದ್ದರಿಂದ ಮಾಮೂಲಿ ಇಂಜೆಕ್ಷನ್ ಅಚ್ಚಿಗೆ ಒಗ್ಗದು. ಪುಡಿಯನ್ನು ಒತ್ತಿ ಬೇಯಿಸಬೇಕು, ಇಲ್ಲವೇ ಸರಳನ್ನು ಲೇತ್‌ನಲ್ಲಿ ಕಡೆಯಬೇಕು. ಮಾಮೂಲಿ ಅಂಟು ಅದಕ್ಕೆ ಹತ್ತದು. ಮೇಲಾಗಿ ಹಗುರ: ಐಸ್ ಪಕ್ಕಿನ ಅಳತೆಯಲ್ಲೇ ಇಡೀ ಬಿಲ್ಲೆ ಕಡೆದರೂ 109 ಗ್ರಾಂ ತೂಗುತ್ತದೆ. ಅದೇ ಅಳತೆಯನ್ನು ಅಸಿಟಾಲ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಕಡೆದರೆ 163 ಗ್ರಾಂ, ಹೆಚ್ಚುಕಡಿಮೆ ಐಸ್ ಪಕ್ಕಿನದೇ ತೂಕ. ತೂಕ ಸರಿಹೋಯಿತೆಂದು ಖುಷಿಪಡುವ ಮುಂಚೆ ಒಂದು ಮಾತು: ರಸ್ತೆಯಲ್ಲಿ ಆಡುವವರು ಐಸ್ ಹಾಕಿಯವರಂತೆ ಮೈತುಂಬ ಕವಚ ತೊಟ್ಟಿರುವುದಿಲ್ಲ. ಭಾರ ಹೆಚ್ಚಿದರೆ ಸವೆತವೂ ಹೆಚ್ಚು, ಮೊಣಗಂಟಿನ ಪೆಟ್ಟೂ ಹೆಚ್ಚು. ರಸ್ತೆಗೆ 110ರಿಂದ 130 ಗ್ರಾಂ ಸಾಕೆಂದು ನನ್ನ ಅಭಿಪ್ರಾಯ.

ಸ್ಕೇಟ್ ಗಾಲಿಗಳ ಪಾಲಿಯುರಿಥೇನ್ ಸವೆತಕ್ಕೆ ಅದ್ಭುತವಾಗಿ ತಡೆಯುತ್ತದೆ ನಿಜ. ಆದರೆ ಅದು ಗಾಲಿಗೆ ಒಳ್ಳೆಯದಾಗಿರುವುದೇ ನೆಲವನ್ನು ಹಿಡಿಯುವುದರಿಂದ. ನೆಲಕ್ಕೆ ತಾಗುವ ಜಾಗದಲ್ಲಿ ಅದಕ್ಕೆ ಕೆಲಸವಿಲ್ಲ. ಟೆಫ್ಲಾನ್ ಇನ್ನೊಂದು ತುದಿ: ಬೆಣ್ಣೆಯಂತೆ ಜಾರುತ್ತದೆ, ಬೇಗ ಸವೆದೂ ಹೋಗುತ್ತದೆ.

ರನ್ನರುಗಳ ಲೆಕ್ಕ

ರೋಲರ್ ಹಾಕಿಯ ಪಕ್ ಕೈಗೆತ್ತಿಕೊಂಡರೆ ಎರಡೂ ಮುಖಗಳಲ್ಲಿ ಸಣ್ಣ ಗುಬುಟುಗಳು ಕಾಣುತ್ತವೆ. ಇವೇ ರನ್ನರುಗಳು. ಬಿಲ್ಲೆಯಲ್ಲಿ ಕೊರೆದ ತೂತಿನೊಳಗೆ ಆಚೆಯಿಂದ ಈಚೆಗೆ ಹೋಗುವ ಪ್ಲಾಸ್ಟಿಕ್ ಕಡ್ಡಿ, ಎರಡು ತುದಿಗೂ ತಲೆ. ನೆಲಕ್ಕೆ ತಾಗುವುದು ಈ ತಲೆಗಳು ಮಾತ್ರ. ತಾಗುವ ಜಾಗ ಕಡಿಮೆಯಾದ್ದರಿಂದ ಘರ್ಷಣೆಯೂ ಕಡಿಮೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಹೈಸ್ಕೂಲಿನ ಭೌತಶಾಸ್ತ್ರ ನೆನಪಿದ್ದವರು ಇಲ್ಲಿ ಹುಬ್ಬೇರಿಸಬೇಕು: ಘರ್ಷಣೆ ತಾಗುವ ಜಾಗದ ವಿಸ್ತಾರವನ್ನು ಸಾಧಾರಣವಾಗಿ ಅವಲಂಬಿಸುವುದಿಲ್ಲ. ರನ್ನರಿನ ನಿಜವಾದ ಉಪಕಾರ ಬೇರೆ. ಬಿಲ್ಲೆಗೆ ಒಂದು ವಸ್ತು, ನೆಲಕ್ಕೆ ತಾಗುವ ತುದಿಗೆ ಇನ್ನೊಂದು ವಸ್ತು ಆರಿಸುವ ಸ್ವಾತಂತ್ರ್ಯ ಅದರಿಂದ ಸಿಗುತ್ತದೆ. ಜೊತೆಗೆ ಬಿಲ್ಲೆಯ ಅಂಚು ನೆಲದಿಂದ ಎರಡು ಮಿಲಿಮೀಟರ್ ಮೇಲೆ ಉಳಿಯುತ್ತದೆ, ಸಣ್ಣ ಕಲ್ಲುಗಳು ಅದರಡಿ ನುಸುಳಿಹೋಗುತ್ತವೆ.

ಇದಕ್ಕೆ ಕೊಡುವ ಬೆಲೆ ಆರ್ಚರ್ಡ್ ಸೂತ್ರದಲ್ಲೇ ಅಡಗಿದೆ. ಉದುರುವ ಒಟ್ಟು ಗಾತ್ರ ಭಾರ, ದೂರಗಳಿಂದ ನಿಗದಿಯಾಗುತ್ತದೆ. ಅದು ಎಷ್ಟು ಜಾಗದ ಮೇಲೆ ಹಂಚಿಕೆಯಾಗುತ್ತದೆ ಅನ್ನುವುದು ಸವೆತದ ಆಳವನ್ನು ನಿರ್ಧರಿಸುತ್ತದೆ. ಪಕ್ಕಿನ ಇಡೀ ಮುಖದ ವಿಸ್ತಾರ ಸುಮಾರು 4,560 ಚದರ ಮಿಲಿಮೀಟರ್. 8 ಮಿಲಿಮೀಟರ್ ಅಗಲದ ಆರು ರನ್ನರುಗಳದ್ದು ಸುಮಾರು 300. ಅಂದರೆ ಒಂದೇ ವಸ್ತುವಾದರೂ ರನ್ನರುಗಳು ಇಡೀ ಮುಖಕ್ಕಿಂತ 15 ಪಟ್ಟು ವೇಗವಾಗಿ ಕುಗ್ಗುತ್ತವೆ. ತಲೆಯನ್ನು 12 ಮಿಲಿಮೀಟರಿಗೆ ಹಿಗ್ಗಿಸಿದರೆ ಆಯುಸ್ಸು ಎರಡು ಪಟ್ಟಿಗಿಂತ ಹೆಚ್ಚುತ್ತದೆ. ನುಣುಪಾದ ಟೈಲ್ಸಿನ ಒಳಾಂಗಣಕ್ಕಾಗಿ ಮಾಡಿದ ಚಿಕ್ಕ ರನ್ನರಿನ ಪಕ್ ರಸ್ತೆಯಲ್ಲಿ ಬೇಗ ಸೋಲುವುದಕ್ಕೆ ಇದೊಂದು ಕಾರಣ. ಎರಡನೆಯದು, ಚಿಕ್ಕ ತಲೆ ಜಲ್ಲಿಗಳ ನಡುವಿನ ಸಂದಿಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಅಗಲವಾದ, ಅಂಚು ಇಳಿಜಾರಾಗಿರುವ ತಲೆ ಒಂದು ಕಲ್ಲಿನ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ದಾಟಿಕೊಂಡು ಹೋಗುತ್ತದೆ.

ಎಷ್ಟು ರನ್ನರ್ ಇರಬೇಕು? ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ಅಲುಗಾಡುವುದಿಲ್ಲ, ಆದ್ದರಿಂದ ಮೂರೇ ಸಾಕು ಅನ್ನಿಸುತ್ತದೆ. ಆದರೆ ವಾಲುವಾಗ ಬಿಲ್ಲೆ ತಿರುಗುವುದು ಎರಡು ರನ್ನರುಗಳನ್ನು ಜೋಡಿಸುವ ಗೆರೆಯ ಸುತ್ತ. ನಡುವಿನಿಂದ 32 ಮಿಲಿಮೀಟರ್ ದೂರದಲ್ಲಿ ಮೂರು ರನ್ನರ್ ಇಟ್ಟರೆ ಆ ಗೆರೆ ನಡುವಿನಿಂದ ಬರೀ 16 ಮಿಲಿಮೀಟರ್ ದೂರ. ಅದರಾಚೆ 22 ಮಿಲಿಮೀಟರ್ ಮೂತಿ ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ. ರನ್ನರಿನ ಎತ್ತರ ಎರಡು ಮಿಲಿಮೀಟರ್ ಆದರೆ 5 ಡಿಗ್ರಿ ಬಾಗಿದರೂ ಮೂತಿ ರಸ್ತೆಗೆ ಉಜ್ಜುತ್ತದೆ. ಆರು ಇಟ್ಟರೆ ಗೆರೆ ನಡುವಿನಿಂದ ಸುಮಾರು 28 ಮಿಲಿಮೀಟರ್ ದೂರಕ್ಕೆ ಸರಿಯುತ್ತದೆ, 11 ಡಿಗ್ರಿವರೆಗೆ ತಾಳಿಕೊಳ್ಳುತ್ತದೆ. ಎಂಟಕ್ಕೆ ಹೋದರೆ ಸಿಗುವ ಲಾಭ ಅಲ್ಪ, ಕೊರೆಯಬೇಕಾದ ತೂತು ಮಾತ್ರ ಎರಡು ಹೆಚ್ಚು. ತೂತುಗಳು ಪುಕ್ಕಟೆಯಲ್ಲ.

ತೂತು ಇದ್ದಲ್ಲಿ ಬಿರುಕು

ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಹೋದ 120 ಗ್ರಾಂ ಪಕ್ ಗೋಲಿನ ಕಬ್ಬಿಣದ ಕಂಬಕ್ಕೆ ಬಡಿದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ನಿಂತಿತು ಅನ್ನೋಣ. ಆ ಕ್ಷಣದ ಸರಾಸರಿ ಬಲ 3,600 ನ್ಯೂಟನ್, ಅಂದರೆ 360 ಕಿಲೋಗ್ರಾಂ ಭಾರ ಹೇರಿದ ಹಾಗೆ. ಪುಟಿದು ಹಿಂದೆ ಬಂದರೆ ಇನ್ನೂ ಹೆಚ್ಚು. ಈ ಬಲ ಬಿಲ್ಲೆಯೊಳಗೆ ಹರಿಯುವಾಗ ತೂತಿನ ಸುತ್ತ ಬಳಸಿಕೊಂಡು ಹೋಗಬೇಕಾಗುತ್ತದೆ, ಅಲ್ಲಿ ಒತ್ತಡ ದಟ್ಟವಾಗುತ್ತದೆ. ಅಗಲವಾದ ಹಲಗೆಯ ನಡುವಿನ ದುಂಡನೆಯ ತೂತಿನ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆಂದು ಜರ್ಮನಿಯ ಕಿರ್ಶ್ 1898ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ತೂತು ಬಿಲ್ಲೆಯ ಹೊರಅಂಚಿಗೆ ಹತ್ತಿರವಾದಷ್ಟೂ ಪರಿಸ್ಥಿತಿ ಕೆಡುತ್ತದೆ. ವಾಲದಿರಲು ರನ್ನರು ಅಂಚಿಗೆ ಹೋಗಬೇಕು, ಬಿರಿಯದಿರಲು ಒಳಕ್ಕೆ ಬರಬೇಕು. ಈ ಹಗ್ಗಜಗ್ಗಾಟಕ್ಕೆ ಪೂರ್ತಿ ಪರಿಹಾರವಿಲ್ಲ. ತೂತಿನ ಹೊರಗೆ ಕಡೇಪಕ್ಷ ತೂತಿನಷ್ಟೇ ಅಗಲದ ಗೋಡೆ ಉಳಿಸಿ, ಬಾಯಿಯ ಚೂಪನ್ನು ಸವರಿ, ಬಿಲ್ಲೆಗೆ ಬಿರುಸಲ್ಲದ ವಸ್ತು ಆರಿಸಬೇಕು.

ಅಚ್ಚಿನಲ್ಲೇ ತೂತು ಬಿಟ್ಟರೆ ಕೊರೆಯುವ ಕೆಲಸ ತಪ್ಪುತ್ತದೆ ಎಂಬ ಜಾಣತನಕ್ಕೂ ಒಂದು ಕೊಕ್ಕೆ ಇದೆ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗಿನ ಕಡ್ಡಿಯನ್ನು ಎರಡು ಹೊಳೆಯಾಗಿ ಬಳಸಿ ಆಚೆ ಬದಿಯಲ್ಲಿ ಸೇರುತ್ತದೆ. ಸೇರಿದ ಗೆರೆ ಅಷ್ಟು ಹೊತ್ತಿಗೆ ಸ್ವಲ್ಪ ಆರಿರುತ್ತದೆ, ಬೆಸುಗೆ ಅರೆಬರೆ. ಮುರಿದ ಅಗ್ಗದ ಪಕ್‌ಗಳಲ್ಲಿ ಬಿರುಕು ರನ್ನರಿನ ತೂತಿನಿಂದ ಅಂಚಿಗೆ ನೆಟ್ಟಗೆ ಹೋಗಿದ್ದರೆ ಈ ಗೆರೆಯನ್ನೇ ಸಂಶಯಿಸಬೇಕು. ಇನ್ನು 25 ಮಿಲಿಮೀಟರ್ ದಪ್ಪದ ಗಟ್ಟಿ ಬಿಲ್ಲೆಯನ್ನು ಒಂದೇ ಸಲಕ್ಕೆ ಎರಕ ಹೊಯ್ದರೆ ಹೊರಗೆ ಬೇಗ, ಒಳಗೆ ನಿಧಾನವಾಗಿ ಆರಿ ನಡುವೆ ಟೊಳ್ಳು ಬೀಳುತ್ತದೆ. ಅದಕ್ಕೇ ಹೆಚ್ಚಿನವರು ಎರಡು ತೆಳು ಚಿಪ್ಪು ಮಾಡಿ ಜೋಡಿಸುತ್ತಾರೆ, ಆಮೇಲೆ ಜೋಡಣೆ ಬಿಟ್ಟುಕೊಳ್ಳುವ ಚಿಂತೆ ಶುರುವಾಗುತ್ತದೆ.

ಮನೆಯಲ್ಲಿ 3ಡಿ ಪ್ರಿಂಟರ್ ಇಟ್ಟುಕೊಂಡವರಿಗೆ ಎರಡೇ ಮಾತು. ಪಿಎಲ್‌ಎ (ಇಂಥ ಪ್ರಿಂಟರುಗಳ ಮಾಮೂಲಿ ಪ್ಲಾಸ್ಟಿಕ್) ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ, ಬಿರುಬಿಸಿಲಿನ ಡಾಂಬರು ಅಷ್ಟು ಕಾಯುತ್ತದೆ. ರನ್ನರನ್ನು ಬಿಲ್ಲೆಯ ಜೊತೆಗೇ ಪ್ರಿಂಟ್ ಮಾಡಿದರೆ ಪದರಗಳು ರಸ್ತೆಗೆ ಸಮಾನಾಂತರವಾಗಿ ಕೂರುತ್ತವೆ, ಮೊದಲ ಜೋರು ಹೊಡೆತಕ್ಕೆ ತಲೆ ಪದರದಿಂದ ಕಳಚಿಕೊಳ್ಳುತ್ತದೆ.

ಪುಟಿತವನ್ನು ಕೊಲ್ಲುವುದು

ಎನ್‌ಎಚ್‌ಎಲ್ (ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್) ಪಂದ್ಯಗಳಲ್ಲಿ ಪಕ್‌ಗಳನ್ನು ಆಟಕ್ಕೆ ಮುಂಚೆ ಹೆಪ್ಪುಗಟ್ಟಿಸಿ ಇಡುತ್ತಾರೆ. ತಣ್ಣಗಾದ ರಬ್ಬರು ಕಡಿಮೆ ಪುಟಿಯುತ್ತದೆ ಎಂಬುದೇ ಕಾರಣ. ರಸ್ತೆಯಲ್ಲಿ ಈ ಉಪಾಯ ಹತ್ತು ನಿಮಿಷವೂ ಬಾಳದು. ಬದಲಿಗೆ ಕೆಲವು ಪಕ್‌ಗಳು ಎರಡು ತುಂಡುಗಳನ್ನು ಬಿಗಿಯಾಗಿ ಅಲ್ಲದೆ ಸ್ವಲ್ಪ ಸಡಿಲವಾಗಿ ಸಿಕ್ಕಿಸುತ್ತವೆ. ಫಿಟ್ಟರುಗಳು ಬಳಸುವ, ಒಳಗೆ ಉಕ್ಕಿನ ಗುಂಡು ತುಂಬಿದ ಪುಟಿಯದ ಸುತ್ತಿಗೆಯಲ್ಲಿ ಕೆಲಸ ಮಾಡುವ ತತ್ವವೇ ಇಲ್ಲೂ ಇದೆ. ಹೊರಚಿಪ್ಪು ಕಲ್ಲಿಗೆ ತಾಗಿ ಮೇಲೆ ಹಾರಲು ನೋಡುವ ಹೊತ್ತಿಗೆ ಒಳತುಂಡು ಇನ್ನೂ ಕೆಳಗೆ ಬರುತ್ತಿರುತ್ತದೆ. ಎರಡೂ ಡಿಕ್ಕಿಯಾಗಿ ಪುಟಿತ ಅಲ್ಲೇ ಸಾಯುತ್ತದೆ. ಪಕ್ ಯಾವ ಮಗ್ಗುಲಾಗಿ ಬಿದ್ದರೂ ಆಡಬೇಕು, ಆದ್ದರಿಂದ ಕೆಳಗೆ ಮಾತ್ರ ಭಾರ ಹಾಕುವಂತಿಲ್ಲ; ಸಡಿಲ ತುಂಡು ತಾನಾಗಿ ಕೆಳಗೆ ಕೂರುವುದು ಇಲ್ಲಿನ ಸೊಗಸು. ಪಾಸ್ ಕೊಡಲು, ಸ್ಟಿಕ್ಕಿನಲ್ಲಿ ಆಡಿಸಲು ಇಂಥ ಪಕ್‌ಗೆ ಸಾಟಿಯಿಲ್ಲ. ಆದರೆ ಜೋರಾಗಿ ಬೀಸಿ ಹೊಡೆಯುವ ಸ್ಲ್ಯಾಪ್ ಶಾಟಿಗೆ ಸಡಿಲ ಜೋಡಣೆ ತಾಳುವುದಿಲ್ಲ. ಎರಡೂ ಕೆಲಸಕ್ಕೆ ಒಂದೇ ಪಕ್ ಬೇಕೆಂದು ಹಟ ಹಿಡಿಯುವುದಕ್ಕಿಂತ ಎರಡು ಇಟ್ಟುಕೊಳ್ಳುವುದೇ ವಾಸಿ.

ಬಣ್ಣದ ವಿಚಾರ ಚಿಕ್ಕದು, ಆದರೆ ಕಾಡುತ್ತದೆ. ಬಿಸಿಲಿನಿಂದ ಪಾಲಿಇಥಿಲೀನನ್ನು ಕಾಪಾಡಲು ಎಲ್ಲಕ್ಕಿಂತ ಅಗ್ಗದ, ಭದ್ರವಾದ ಮದ್ದು ಕಾಡಿಗೆಯ ಕಪ್ಪು. ಕಪ್ಪು ಪಕ್ ಕಪ್ಪು ಡಾಂಬರಿನ ಮೇಲೆ ಕಾಣುವುದೇ ಇಲ್ಲ. ಬಿಲ್ಲೆಗೆ ಕಿತ್ತಳೆ ಬಣ್ಣದ ಜೊತೆ ಬಿಸಿಲು ತಡೆಯುವ ಬೇರೆ ರಾಸಾಯನಿಕ, ರನ್ನರಿಗೆ ಕಪ್ಪು, ಅಲ್ಲಿಗೆ ರಾಜಿ.

ಸವೆದ ಪಕ್ ಓದುವುದು

ಪ್ರಯೋಗಾಲಯದವರು ವಸ್ತುವಿನ ಚೂರನ್ನು ಮರಳು ಬಟ್ಟೆ ಸುತ್ತಿದ ಉರುಳೆಯ ಮೇಲೆ 10 ನ್ಯೂಟನ್ ಒತ್ತಡದಲ್ಲಿ 40 ಮೀಟರ್ ಉಜ್ಜಿ, ಎಷ್ಟು ಉದುರಿತು ಎಂದು ತೂಗಿ ನೋಡುತ್ತಾರೆ. ವಸ್ತು ಆರಿಸಲು ಅದು ಸರಿ. ವಿನ್ಯಾಸ ತಿದ್ದಲು ಚೆನ್ನಾಗಿ ಆಡಿಸಿಕೊಂಡ ಒಂದು ಪಕ್ ಹೆಚ್ಚು ಹೇಳುತ್ತದೆ. ಬೆಳಕಿಗೆ ಓರೆಯಾಗಿ ಹಿಡಿಯಿರಿ. ರನ್ನರ್ ತಲೆಯ ಮೇಲೆ ಗೀರುಗಳು ಎಲ್ಲ ದಿಕ್ಕಿಗೂ ಒಂದರ ಮೇಲೊಂದು ಹಾದಿದ್ದರೆ ಪಕ್ ಸರಿಯಾಗಿ ತಿರುಗುತ್ತಾ ಜಾರಿದೆ. ತಲೆಯ ಸುತ್ತ ಅಣಬೆಯ ಅಂಚಿನಂತೆ ತೆಳು ತುಟಿ ಹೊರಚಾಚಿದ್ದರೆ ರನ್ನರಿನ ವಸ್ತು ಆ ಭಾರಕ್ಕೆ ಮೆತ್ತಗಾಯಿತು. ರನ್ನರಿನ ಬುಡದಲ್ಲಿ ಬಿಲ್ಲೆ ಬೆಳ್ಳಗೆ ಬಿಳುಚಿಕೊಂಡಿದ್ದರೆ ಅಲ್ಲಿ ಬಿರುಕು ಹುಟ್ಟುವ ಹಂತದಲ್ಲಿದೆ. ಹೊರಅಂಚಿನ ಸುತ್ತಲೂ ಅರ್ಧಚಂದ್ರದಂಥ ಸಣ್ಣ ಚಕ್ಕೆ ಎದ್ದಿದ್ದರೆ ಪಕ್ ಮಲಗಿದ್ದಕ್ಕಿಂತ ಉರುಳಿದ್ದೇ ಹೆಚ್ಚು. ಅಂಥ ಪಕ್ಕಿನ ರನ್ನರು ಎಷ್ಟು ಗಟ್ಟಿಮುಟ್ಟಾಗಿದ್ದರೂ ವಿನ್ಯಾಸ ಸೋತಿದೆ.

ನನ್ನನ್ನು ಕೇಳಿದರೆ ಹೀಗೆ ಮಾಡಿಸುತ್ತೇನೆ: ಬಿಲ್ಲೆಗೆ ಜಿಗುಟು ಪಾಲಿಯುರಿಥೇನ್, ಅಂಚಿನ ಮೂಲೆಗೆ ಮೂರು ಮಿಲಿಮೀಟರ್ ದುಂಡು. ಅದಕ್ಕಿಂತ ಹೆಚ್ಚು ದುಂಡಾದರೆ ಸ್ಟಿಕ್ಕಿನ ಅಲಗು ಪಕ್ಕಿನಡಿ ನುಗ್ಗಿ ಎತ್ತಿಬಿಡುತ್ತದೆ. ಆರು ರನ್ನರು, ಯುಎಚ್‌ಎಂಡಬ್ಲ್ಯು, ಬಿಲ್ಲೆಯ ಆಚೀಚೆ ಹಾದುಹೋಗುವ ಒಂದೇ ಕಡ್ಡಿ. ಈ ಪ್ಲಾಸ್ಟಿಕ್ ಸದಾ ಒತ್ತಡದಲ್ಲಿದ್ದರೆ ನಿಧಾನವಾಗಿ ಸರಿದು ಸಡಿಲವಾಗುವ ಜಾತಿಯದು, ಅಂಟೂ ಹಿಡಿಯದು. ಆದ್ದರಿಂದ ಬರೀ ಬಿಗಿಯಾಗಿ ತುರುಕಿದರೆ ಸಾಲದು, ಎರಡೂ ಕಡೆ ತಲೆ ಇರಲೇಬೇಕು. ಸ್ಕ್ರೂ ಹಾಕಿ ಬದಲಾಯಿಸುವಂತೆ ಮಾಡಬಾರದೇ ಎಂದರೆ, ಸಡಿಲವಾದ ಲೋಹದ ಸ್ಕ್ರೂ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಎಗರುವುದನ್ನು ನೆನೆಸಿಕೊಂಡರೆ ನನಗೆ ಧೈರ್ಯ ಬರುವುದಿಲ್ಲ. ಪ್ರತಿ ತಲೆಯ ನಡುವೆ 1.2 ಮಿಲಿಮೀಟರ್ ಆಳದ ಸಣ್ಣ ಗುಳಿ ತೆಗೆಸುತ್ತೇನೆ. ತಲೆಯ ಎತ್ತರ ಎರಡು ಮಿಲಿಮೀಟರ್, ಆದ್ದರಿಂದ ಗುಳಿ ಮಾಯವಾದಾಗಲೂ ಬಿಲ್ಲೆ ರಸ್ತೆಯಿಂದ 0.8 ಮಿಲಿಮೀಟರ್ ಮೇಲಿರುತ್ತದೆ. ಆರರಲ್ಲಿ ಯಾವುದಾದರೂ ಒಂದರ ಗುಳಿ ಕಾಣದಾದರೆ ಸಾಕು, ಹಳೆಯ ಕಡ್ಡಿಗಳನ್ನೆಲ್ಲ ಒಟ್ಟಿಗೆ ಕೊರೆದು ತೆಗೆದು ಹೊಸವನ್ನು ಕೂರಿಸುವುದು. ಒಂದನ್ನು ಮಾತ್ರ ಬದಲಾಯಿಸಿದರೆ ಹೊಸದರ ತಲೆ ಎತ್ತರವಾಗಿ ಪಕ್ ಕುಂಟುತ್ತದೆ.